ಲ್ಯಾಟಿನ್ ಕ್ರಿಯಾಪದದ ಅರ್ಥ, ಮೂಲ ಹುಡುಕೋದು ಹೇಗೆ? ಝೇವಿಯರ್ಸ್ ಕಾಲೇಜಿನ ಧ್ಯೇಯವಾಕ್ಯ ಹಿಡಿದು ಒಂದು ಪಾಠ

ಮುಂಬೈನ ಧೋಬಿ ತಲಾವ್ ಕಡೆ ಓಡಾಡಿದವರಿಗೆಲ್ಲ ಸೇಂಟ್ ಝೇವಿಯರ್ಸ್ ಕಾಲೇಜು ಗೊತ್ತಿರುತ್ತದೆ. 1869ರಲ್ಲಿ ಜೆಸ್ವಿಟ್ ಪಾದ್ರಿಗಳು ಶುರು ಮಾಡಿದ ಕಾಲೇಜು. ಅದರ ಧ್ಯೇಯವಾಕ್ಯ ಲ್ಯಾಟಿನ್‌ನಲ್ಲಿದೆ: ‘ಪ್ರೋವೊಕಾನ್ಸ್ ಅದ್ ವೊಲಂದುಮ್’. ಇಲ್ಲಿನ ಕನ್ನಡದ ಮನೆಗಳ ಮಕ್ಕಳೂ ಅಲ್ಲಿ ಓದುತ್ತಾರೆ. ಅರ್ಥ ಏನಪ್ಪಾ ಅಂತ ಕೇಳಿದರೆ ‘ಹಾರೋಕೆ ಪ್ರೊವೋಕ್ ಮಾಡೋದು’ ಅನ್ನುತ್ತಾರೆ. ತಪ್ಪೇನಲ್ಲ. ಆದರೆ ಇಂಗ್ಲಿಷ್ ಪದ ಒಂದನ್ನು ನೋಡಿ ಅಲ್ಲಿಗೇ ನಿಂತುಬಿಟ್ಟರೆ ಆ ಪದದೊಳಗೆ ನಮ್ಮ ‘ವಚನ’ದ ಬಂಧು ಕೂತಿರೋದು ಕಾಣುವುದೇ ಇಲ್ಲ.

ಲ್ಯಾಟಿನ್ ಭಾಷೆ ಪೂರ್ತಿ ಕಲಿಯದೆಯೂ ಒಂದು ಕ್ರಿಯಾಪದವನ್ನು ಬಿಡಿಸಿ ನೋಡಬಹುದು. ಶಾಲೆಯಲ್ಲಿ ಕಲಿತ ವ್ಯಾಕರಣ, ಅಂದರೆ ಧಾತು, ಪ್ರತ್ಯಯ, ಉಪಸರ್ಗ ಅಂದರೆ ಏನು ಅಂತ ಗೊತ್ತಿದ್ದರೆ ಸಾಕು. ಹೈಸ್ಕೂಲಿನಲ್ಲಿ ಸಂಸ್ಕೃತ ತಗೊಂಡಿದ್ದರಂತೂ ಅರ್ಧ ಕೆಲಸ ಆದ ಹಾಗೆ.

ಮೊದಲು ಅಕ್ಷರ ಸರಿಯಾಗಿ ಓದಿ. ಹಳೇ ಕಟ್ಟಡ, ಚರ್ಚು, ಸಮಾಧಿ ಕಲ್ಲುಗಳ ಮೇಲೆ ಎಲ್ಲಾ ದೊಡ್ಡಕ್ಷರದಲ್ಲಿರುತ್ತದೆ, ಅಲ್ಲಿ ‘ಯು’ ಬರಬೇಕಾದ ಕಡೆ ‘ವಿ’ ಅಕ್ಷರ ಕೆತ್ತಿರುತ್ತಾರೆ, ‘ಜೆ’ ಬದಲು ‘ಐ’. ರೋಮನ್ನರಿಗೆ ಈ ಜೋಡಿಗಳು ಬೇರೆ ಬೇರೆ ಅಕ್ಷರಗಳೇ ಆಗಿರಲಿಲ್ಲ. ಹಾಗಾಗಿ ಕಲ್ಲಿನಲ್ಲಿದ್ದ ಹಾಗೇ ಟೈಪ್ ಮಾಡಿ ಹುಡುಕಿದರೆ ಎಷ್ಟೋ ಸಲ ಏನೂ ಸಿಗುವುದಿಲ್ಲ, ಬದಲಿಸಿ ಹುಡುಕಿ. ಇನ್ನೊಂದು ವಿಷಯ, ಲ್ಯಾಟಿನ್‌ನಲ್ಲಿ ಹ್ರಸ್ವ ದೀರ್ಘ ತುಂಬಾ ಮುಖ್ಯ. ಇಲ್ಲಿ ನಮ್ಮ ಲಿಪಿಗೆ ಒಂದು ಅನುಕೂಲ ಇದೆ. ಕನ್ನಡದಲ್ಲಿ ಎ-ಏ, ಒ-ಓ ಎರಡೂ ಇವೆ. ದೇವನಾಗರಿಯಲ್ಲಿ ಬರೆದುಕೊಳ್ಳೋಕೆ ಹೋದರೆ ಈ ವ್ಯತ್ಯಾಸ ಕಳೆದುಹೋಗುತ್ತದೆ. ಲ್ಯಾಟಿನ್ ಕಲಿಯುವ ಕನ್ನಡಿಗರು ನೋಟ್ಸನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಆಮೇಲೆ ಸಾಲಿನಲ್ಲಿ ಕ್ರಿಯಾಪದ ಇದೆಯಾ ನೋಡಿ. ಬ್ರಿಟಿಷರ ಕಾಲದಲ್ಲಿ ಬಾಂಬೆಯನ್ನು ‘ಉರ್ಬ್ಸ್ ಪ್ರೀಮಾ ಇನ್ ಇಂಡೀಸ್’ ಅನ್ನುತ್ತಿದ್ದರು, ಇಂಡಿಯಾದ ಮೊದಲ ನಗರ ಅಂತ. ಅದರಲ್ಲಿ ಕ್ರಿಯಾಪದವೇ ಇಲ್ಲ. ‘ಇವನು ನಮ್ಮ ಅಣ್ಣ’ ಅನ್ನುವಾಗ ನಮಗೂ ಬೇಕಾಗುವುದಿಲ್ಲ ಅಲ್ವಾ, ಹಾಗೇ. ಝೇವಿಯರ್ಸ್ ಸಾಲಿನಲ್ಲಿ ಮಾತ್ರ ಎರಡೆರಡು ಇವೆ: ಪ್ರೋವೊಕಾನ್ಸ್, ವೊಲಂದುಮ್.

ಈಗ ಬಾಲ ಕತ್ತರಿಸುವ ಕೆಲಸ. ‘-ಆನ್ಸ್’ ಅನ್ನೋದು ‘ಮಾಡುತ್ತಿರುವ’ ಅನ್ನೋ ಅರ್ಥದ ಪ್ರತ್ಯಯ. ಇಂಗ್ಲಿಷ್‌ನವರು ಪ್ರೆಸೆಂಟ್ ಪಾರ್ಟಿಸಿಪಲ್ ಅನ್ನುತ್ತಾರೆ. ಕನ್ನಡದಲ್ಲಿ ‘ಕರೆಯುವ’, ‘ಕರೆಯುತ್ತಿರುವ’ ಅಂದ ಹಾಗೆ. ಸಂಸ್ಕೃತ ಓದಿದವರು ‘ಗಚ್ಛನ್’, ‘ಗಚ್ಛಂತಂ’ ನೆನಪಿಸಿಕೊಳ್ಳಿ. ಪ್ರಥಮಾ ವಿಭಕ್ತಿಯಲ್ಲಿ ‘ತ’ ಕಾಣುವುದಿಲ್ಲ, ಬೇರೆ ವಿಭಕ್ತಿಯಲ್ಲಿ ‘ಂತ’ ಅಂತ ಹೊರಗೆ ಬರುತ್ತದೆ. ಲ್ಯಾಟಿನ್‌ನಲ್ಲೂ ಅದೇ ಆಟ: ಪ್ರೋವೊಕಾನ್ಸ್, ಪ್ರೋವೊಕಂತಿಸ್. ಎರಡೂ ಒಂದೇ ಹಳೇ ಪ್ರತ್ಯಯದಿಂದ ಬಂದವು. ‘ವೊಲಂದುಮ್’ನಲ್ಲಿರೋ ‘-ಅಂದುಮ್’ ಕ್ರಿಯೆಯನ್ನು ನಾಮಪದ ಮಾಡುತ್ತದೆ, ‘ಹಾರುವುದು’ ಅನ್ನುವ ಹಾಗೆ. ಅದಕ್ಕಿಂತ ಮೊದಲಿರೋ ‘ಅದ್’ ನಮ್ಮ ಚತುರ್ಥಿಯ ಕೆಲಸ ಮಾಡುತ್ತದೆ. ಅದ್ ವೊಲಂದುಮ್ ಅಂದರೆ ‘ಹಾರುವುದಕ್ಕೆ’. ಕನ್ನಡದಲ್ಲಿ ಎಷ್ಟು ಸಲೀಸಾಗಿ ಕೂರುತ್ತದೆ ನೋಡಿ, ಇಂಗ್ಲಿಷ್ ದಾರಿಯಲ್ಲಿ ಸುತ್ತಿ ಬರುವ ಅಗತ್ಯವೇ ಇಲ್ಲ.

ನಿಮಗೆ ಸಿಗುವ ಕ್ರಿಯಾಪದ ಯಾವಾಗಲೂ ಈ ರೂಪದಲ್ಲೇ ಇರುವುದಿಲ್ಲ. ‘-ತ್’ ಅಂತ ಮುಗಿದರೆ ಅವನು, ಅವಳು ಅಥವಾ ಅದು ಮಾಡುತ್ತದೆ ಅಂತ ಅರ್ಥ. ನಮ್ಮ ಹಾಗೆ ‘ಕರೆಯುತ್ತಾನೆ, ಕರೆಯುತ್ತಾಳೆ’ ಅಂತ ಲಿಂಗಭೇದ ಇಲ್ಲ. ‘-ಂತ್’ ಅಂತ ಮುಗಿದರೆ ಅವರು. ‘-ಮುಸ್’ ಅಂದರೆ ನಾವು. ಸಂಸ್ಕೃತದ ‘ಗಚ್ಛತಿ, ಗಚ್ಛಂತಿ, ಗಚ್ಛಾಮಃ’ ಬಾಯಿಪಾಠ ಇದ್ದವರಿಗೆ ಇದನ್ನು ಹೊಸದಾಗಿ ಕಲಿಯಬೇಕಾಗಿಯೇ ಇಲ್ಲ.

ಡಿಕ್ಷನರಿಗೆ ಬರೋಣ. ಇಲ್ಲೇ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಕನ್ನಡ ನಿಘಂಟಿನಲ್ಲಿ ‘ಕರೆ’ ಅಂತ ಧಾತು ಹುಡುಕುತ್ತೇವೆ. ಲ್ಯಾಟಿನ್ ಡಿಕ್ಷನರಿಯಲ್ಲಿ ‘ನಾನು ಕರೆಯುತ್ತೇನೆ’ ಅನ್ನೋ ರೂಪ ಹುಡುಕಬೇಕು. ಅಂದರೆ ವೊಕೋ. ಅದರ ಪಕ್ಕ ಇನ್ನೂ ಮೂರು ರೂಪ ಕೊಟ್ಟಿರುತ್ತಾರೆ: ವೊಕೋ, ವೊಕಾರೆ, ವೊಕಾವೀ, ವೊಕಾತುಮ್. ಕರೆಯುತ್ತೇನೆ, ಕರೆಯುವುದು, ಕರೆದೆ, ಕೊನೆಯದು ‘ಕರೆಯಲು’. ಈ ನಾಲ್ಕೂ ಬರೆದುಕೊಳ್ಳಿ, ಒಂದನ್ನೂ ಬಿಡಬೇಡಿ, ಯಾಕೆಂದರೆ ಇಂಗ್ಲಿಷ್‌ಗೆ ಬಂದ ಪದಗಳು ಎಷ್ಟೋ ಸಲ ಕೊನೆಯ ರೂಪದಿಂದ ಹುಟ್ಟಿರುತ್ತವೆ. ಕೊನೆಯ ‘-ತುಮ್’ ನೋಡಿ ಏನಾದರೂ ನೆನಪಾಯಿತಾ? ಸಂಸ್ಕೃತದ ತುಮುನ್ನಂತ: ಕರ್ತುಂ, ವಕ್ತುಂ, ಗಂತುಂ. ಅದೂ ಇದೂ ಒಂದೇ.

ದುಡ್ಡು ಕೊಟ್ಟು ಡಿಕ್ಷನರಿ ಕೊಳ್ಳಬೇಕಾಗಿಲ್ಲ. 1879ರಲ್ಲಿ ಬಂದ ಲೂಯಿಸ್ ಮತ್ತು ಶಾರ್ಟ್ ಅವರ ದೊಡ್ಡ ಡಿಕ್ಷನರಿ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ತಾಣದಲ್ಲಿ ಬಿಟ್ಟಿ ಸಿಗುತ್ತದೆ. ಹಳೇದು, ಪದಗಳ ಮೂಲದ ವಿಷಯದಲ್ಲಿ ಅದನ್ನು ನಂಬಬೇಡಿ. ಆದರೆ ಒಂದು ಪದವನ್ನು ಯಾವ ಲೇಖಕ ಎಲ್ಲಿ ಯಾವ ಅರ್ಥದಲ್ಲಿ ಬಳಸಿದ ಅನ್ನೋದಕ್ಕೆ ಚಿನ್ನದಂಥ ಪುಸ್ತಕ. ಮೂಲಕ್ಕೆ ಇಂಗ್ಲಿಷ್ ವಿಕ್ಷನರಿ ನೋಡಿ, ಅಲ್ಲಿ ಎಲ್ಲಾ ಕಾಲ, ಪುರುಷ, ವಚನಗಳ ಪಟ್ಟಿಯೂ ಇರುತ್ತದೆ. ಪೂರ್ತಿ ಪದ ಹಾಕಿ ಹುಡುಕಿದರೂ ಅದು ಮೂಲ ರೂಪಕ್ಕೆ ದಾರಿ ತೋರಿಸುತ್ತದೆ.

ಒಂದೇ ರೂಪದ ಎರಡು ಕ್ರಿಯಾಪದ ಇದ್ದರೆ ಹುಷಾರು. ‘ವೊಲೋ’ ಅಂತ ಹುಡುಕಿದರೆ ಎರಡು ಸಿಗುತ್ತವೆ. ಒಂದು ‘ಹಾರುತ್ತೇನೆ’, ಇನ್ನೊಂದು ‘ಬಯಸುತ್ತೇನೆ’. ಮೊದಲ ರೂಪ ಎರಡಕ್ಕೂ ಒಂದೇ, ಎರಡನೆಯದರಲ್ಲಿ ಬೇರೆ ಆಗುತ್ತವೆ: ಹಾರೋದು ವೊಲಾರೆ, ಬಯಸೋದು ವೆಲ್ಲೆ. ನಮ್ಮ ಸಾಲಿನಲ್ಲಿರೋದು ವೊಲಂದುಮ್, ವೊಲಾರೆಯ ‘ಲಾ’ ಇಲ್ಲಿ ಹ್ರಸ್ವವಾಗಿ ‘ಲ’ ಆಗಿದೆ, ಹಾಗಾಗಿ ಹಾರೋದೇ. ನಾಲ್ಕು ರೂಪ ಬರೆದುಕೊಳ್ಳಿ ಅಂದಿದ್ದು ಇದಕ್ಕೇ.

ಉಪಸರ್ಗ ಬಿಡಿಸೋದು ಸುಲಭ. ಪ್ರೋ + ವೊಕಾರೆ. ಪ್ರೋ ಅಂದರೆ ಮುಂದಕ್ಕೆ, ಹೊರಕ್ಕೆ. ಮುಂದೆ ಬಾ ಅಂತ ಕರೆಯೋದು. ಇದೇ ವೊಕಾರೆಗೆ ಬೇರೆ ಉಪಸರ್ಗ ಹಚ್ಚಿ ನೋಡಿ. ‘ರೆ’ ಅಂದರೆ ಹಿಂದಕ್ಕೆ, ಆರ್ಡರ್ ರಿವೋಕ್ ಆಯಿತು ಅಂದರೆ ವಾಪಸ್ ಕರೆದರು. ‘ಕೊನ್’ ಅಂದರೆ ಜೊತೆಗೆ, ಎಲ್ಲರನ್ನೂ ಒಟ್ಟಿಗೆ ಕರೆಯೋ ಸಭೆ ಕನ್ವೊಕೇಷನ್. ‘ಅದ್’ ಅಂದರೆ ಕಡೆಗೆ, ಹತ್ತಿರಕ್ಕೆ, ಹತ್ತಿರಕ್ಕೆ ಕರೆಸಿಕೊಂಡವನು ಅಡ್ವೊಕೇಟ್. ಆಫೀಸಿನಲ್ಲಿ ಸಹಿ ಹಾಕಿಸುವ ವೌಚರ್ ಕೂಡ ಹಳೇ ಫ್ರೆಂಚ್ ಮೂಲಕ ಬಂದ ಇದೇ ಮನೆಯ ಪದ. ವೊಕೇಷನಲ್ ಕೋರ್ಸ್‌ನ ‘ವೊಕೇಷನ್’ ಅಂದರೆ ಮೂಲದಲ್ಲಿ ಕರೆ, ದೇವರು ಒಬ್ಬನನ್ನು ಒಂದು ಕೆಲಸಕ್ಕೆ ಕರೆಯುತ್ತಾನೆ ಅನ್ನೋ ಚರ್ಚಿನ ಕಲ್ಪನೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಹಂತ, ಮತ್ತು ಜನ ಬಿಟ್ಟುಬಿಡುವ ಹಂತ: ಪದವನ್ನು ಹಳೇ ವಾಕ್ಯದೊಳಗೆ ಇಟ್ಟು ಓದೋದು. ಡಿಕ್ಷನರಿಯ ಅರ್ಥ ಒಂದು ಸುಳಿವು ಅಷ್ಟೇ. ರೋಮ್‌ನ ಮೊದಲ ಲಿಖಿತ ಕಾನೂನು, ಹನ್ನೆರಡು ಫಲಕಗಳ ಕಾನೂನು ಅನ್ನುತ್ತಾರೆ, ಕ್ರಿ.ಪೂ. 450ರ ಹೊತ್ತಿನದು. ಅದರ ಮೊದಲ ಸಾಲೇ ‘ಸೀ ಇನ್ ಯೂಸ್ ವೊಕತ್, ಈತೋ’. ‘ಕೋರ್ಟಿಗೆ ಕರೆದರೆ ಹೋಗಬೇಕು.’ ಯಾರು ಕರೆದರೆ, ಯಾರು ಹೋಗಬೇಕು, ಏನೂ ಹೇಳಿಲ್ಲ, ನಾಲ್ಕೈದು ಪದದಲ್ಲಿ ಮುಗಿಸಿದ್ದಾರೆ! ಇಲ್ಲಿ ವೊಕಾರೆ ಅಂದರೆ ಸುಮ್ನೆ ಕೂಗಿ ಕರೆಯೋದಲ್ಲ, ದಾವೆಗೆ ಎಳೆಯೋದು. ಹಾಗೆ ಕೋರ್ಟಿಗೆ ಹೋಗಬೇಕಾದವನು ಪಕ್ಕದಲ್ಲಿ ನಿಲ್ಲೋಕೆ, ಸಲಹೆ ಕೊಡೋಕೆ ಒಬ್ಬ ಗೆಳೆಯನನ್ನು ಕರೆದುಕೊಂಡು ಹೋಗುತ್ತಿದ್ದ. ಅವನೇ ಅದ್ವೊಕಾತುಸ್, ‘ಹತ್ತಿರ ಕರೆಸಿಕೊಂಡವನು’. ಮೊದಮೊದಲು ವಾದ ಮಾಡುತ್ತಿದ್ದವನು ಅವನಲ್ಲ, ವಾದಿಸುವವನಿಗೆ ಪತ್ರೋನುಸ್ ಅನ್ನೋ ಬೇರೆ ಹೆಸರಿತ್ತು. ಚಕ್ರವರ್ತಿಗಳ ಕಾಲಕ್ಕೆ ಬರುವಷ್ಟರಲ್ಲಿ ಅದ್ವೊಕಾತುಸ್ ಅಂದರೆ ವಾದಿಸುವ ವಕೀಲ ಅಂತಲೇ ಆಯಿತು. ಫೋರ್ಟ್‌ನಲ್ಲಿ ಹೈಕೋರ್ಟ್ ಸುತ್ತ ಕಾಣುವ ಅಡ್ವೊಕೇಟ್ ಬೋರ್ಡುಗಳ ಹಿಂದೆ ಇಷ್ಟು ಕಥೆ ಇದೆ. ಬರೀ ‘ವೊಕಾರೆ = ಕರೆ’ ಅಂತ ಗುರುತು ಹಾಕಿಕೊಂಡಿದ್ದರೆ ಇದು ಸಿಗುತ್ತಿರಲಿಲ್ಲ.

ಪ್ರೋವೊಕಾರೆಗೂ ಕಾನೂನಿನ ಅರ್ಥ ಇತ್ತು. ಅಧಿಕಾರಿ ಕೊಟ್ಟ ಶಿಕ್ಷೆ ಒಪ್ಪದ ರೋಮನ್ ನಾಗರಿಕ ಜನರ ಮುಂದೆ ಅಪೀಲು ಹೋಗಬಹುದಿತ್ತು, ಅದನ್ನು ಪ್ರೋವೊಕಾತಿಯೋ ಅನ್ನುತ್ತಿದ್ದರು. ಜಗಳಕ್ಕೆ ಬಾ ಅಂತ ಸವಾಲು ಹಾಕೋದಕ್ಕೂ ಇದೇ ಪದ. ಇಂಗ್ಲಿಷ್‌ನ ಪ್ರೊವೋಕ್ ಈ ಸವಾಲಿನ ಕಡೆಯಿಂದ ಕೋಪದ ಕಡೆಗೆ ಜಾರಿಕೊಂಡಿದೆ. ಹಾಗಾದರೆ ಕಾಲೇಜಿನ ಸಾಲಿನಲ್ಲಿ ಯಾವ ಅರ್ಥ? ಅದಕ್ಕೆ ಆ ಸಾಲು ಎಲ್ಲಿಂದ ಬಂತು ನೋಡಬೇಕು. ಅದು ಬೈಬಲ್‌ನ ಧರ್ಮೋಪದೇಶಕಾಂಡದ 32ನೇ ಅಧ್ಯಾಯದ 11ನೇ ವಚನ, ಮೋಶೆಯ ಹಾಡಿನ ಭಾಗ. ಕ್ರಿ.ಶ. 400ರ ಆಸುಪಾಸಿನಲ್ಲಿ ಜೆರೋಮ್ ಹೀಬ್ರೂವಿನಿಂದ ಲ್ಯಾಟಿನ್‌ಗೆ ತಂದ ವಲ್ಗೇಟ್ ಬೈಬಲ್‌ನಲ್ಲಿ ದೇವರು ತನ್ನ ಜನರನ್ನು ನೋಡಿಕೊಂಡ ಬಗೆಯನ್ನು ‘ತನ್ನ ಮರಿಗಳನ್ನು ಹಾರುವುದಕ್ಕೆ ಕರೆಯುವ ಹದ್ದಿನ ಹಾಗೆ’ ಅಂತ ಹೇಳಿದೆ. ಹದ್ದು, ಮರಿ ಎರಡನ್ನೂ ಬಿಟ್ಟು ಕಾಲೇಜು ನಡುವಿನ ಮೂರೇ ಪದ ತಗೊಂಡಿದೆ. ಹದ್ದನ್ನು ವಾಪಸ್ ತಂದು ಓದಿ. ಕೋಪ ಇಲ್ಲ, ಕೆಣಕೋದೂ ಇಲ್ಲ. ಗೂಡಿನ ಅಂಚಿನಲ್ಲಿ ಹೆದರಿ ಕೂತ ಮರಿಗೆ ‘ಬಾ, ಹಾರು’ ಅನ್ನೋ ತಾಯಿ ಹಕ್ಕಿಯ ಕೂಗು ಅದು. ನನ್ನನ್ನು ಕೇಳಿದರೆ ಕನ್ನಡದಲ್ಲಿ ಅದನ್ನು ‘ಹಾರಲು ಹುರಿದುಂಬಿಸುವ’ ಅನ್ನಬೇಕು. ‘ಪ್ರಚೋದಿಸುವ’ ಅಂದರೆ ಪೊಲೀಸ್ ಕೇಸಿನ ಭಾಷೆ ಆಗಿಬಿಡುತ್ತದೆ.

ಇನ್ನು ಮೂಲ. ನನಗೆ ತುಂಬಾ ಇಷ್ಟವಾದ ಭಾಗ ಇದು, ಆದರೆ ಅಡ್ಡದಾರಿಗಳೂ ಇಲ್ಲೇ ಜಾಸ್ತಿ.

ವೊಕಾರೆ ಹುಟ್ಟಿದ್ದು ವೋಕ್ಸ್ ಅನ್ನೋ ನಾಮಪದದ ಮನೆಯಲ್ಲಿ. ವೋಕ್ಸ್ ಅಂದರೆ ದನಿ. ಇಂಗ್ಲಿಷ್‌ನ ವಾಯ್ಸ್ ಅಲ್ಲಿಂದಲೇ. ಸಂಸ್ಕೃತದಲ್ಲಿ ಇದಕ್ಕೆ ಸರಿಯಾಗಿ ಕೂರೋದು ವಾಕ್. ಅದರ ಧಾತು ವಚ್: ವಚನ, ವಾಚಕ, ವಾಕ್ಯ, ಉವಾಚ. ಮುಂಬೈ ಪುಣೆಯಲ್ಲಿ ಗಲ್ಲಿಗಲ್ಲಿಯ ಮರಾಠಿ ಬೋರ್ಡಿನಲ್ಲಿ ಕಾಣುವ ‘ವಾಚನಾಲಯ’ವೂ ಇದೇ ಧಾತುವಿನದು. ಪ್ರೋ ಅನ್ನೋ ಉಪಸರ್ಗಕ್ಕೆ ಸಂಸ್ಕೃತದ ಬಂಧು ‘ಪ್ರ’. ಈಗ ಎರಡನ್ನೂ ಕೂಡಿಸಿ: ಪ್ರೋ-ವೊಕ್, ಪ್ರ-ವಚ್. ಒಂದು ಕಡೆ ಪ್ರೊವೋಕ್, ಇನ್ನೊಂದು ಕಡೆ ಪ್ರವಚನ! ಸಂಜೆ ಹೊತ್ತು ದೇವಸ್ಥಾನದಲ್ಲಿ ಕೂತು ಕೇಳುವ ಪ್ರವಚನಕ್ಕೂ ಕಾಲೇಜಿನ ಆ ಪದಕ್ಕೂ ಬಿಡಿಭಾಗಗಳು ಒಂದೇ. ಆದರೆ ಒಂದರಿಂದ ಇನ್ನೊಂದು ಹುಟ್ಟಿತು ಅಂತ ಹೇಳಬೇಡಿ. ಒಂದೇ ಸಾಮಾನಿನಿಂದ ಎರಡೂ ಭಾಷೆಗಳು ತಮ್ಮ ತಮ್ಮ ಪಾಡಿಗೆ ಪದ ಕಟ್ಟಿಕೊಂಡಿವೆ, ಅರ್ಥಗಳು ಬೇರೆ ದಾರಿ ಹಿಡಿದಿವೆ.

ಇದು ಬರೀ ಕಾಕತಾಳೀಯ ಅಲ್ಲ ಅಂತ ಗೊತ್ತಾಗೋದು ಹೇಗೆ? ಒಂದು ಪದ ಹೋಲಿದರೆ ಏನೂ ಆಗಲಿಲ್ಲ. ಆ ಹೋಲಿಕೆ ಬೇರೆ ಪದಗಳಲ್ಲೂ ಅದೇ ರೀತಿ ಮರುಕಳಿಸಬೇಕು. ಲ್ಯಾಟಿನ್‌ನ ‘ಕ್ವ’ ಇದ್ದಲ್ಲಿ ಸಂಸ್ಕೃತದಲ್ಲಿ ಕ ಅಥವಾ ಚ ಬರುತ್ತದೆ, ಗ್ರೀಕ್‌ನಲ್ಲಿ ಪ ಅಥವಾ ತ. ಯಾರು ಅನ್ನೋದಕ್ಕೆ ಲ್ಯಾಟಿನ್‌ನಲ್ಲಿ ಕ್ವಿಸ್, ಸಂಸ್ಕೃತದಲ್ಲಿ ಕಃ, ಗ್ರೀಕ್‌ನಲ್ಲಿ ತಿಸ್. ಐದು ಅನ್ನೋದಕ್ಕೆ ಕ್ವೀಂಕ್ವೆ, ಪಂಚ, ಪೆಂತೆ. ಕೊನೆಯ ಅಕ್ಷರ ನೋಡಿ. ಹಿಂಬಾಲಿಸೋದಕ್ಕೆ ಸೆಕ್ವೊರ್, ಸಚತೇ, ಹೆಪೊಮಾಯ್. ಆ ‘ಸಚ್’ ಧಾತುವಿನಿಂದಲೇ ನಮ್ಮ ಸಚಿವ ಬಂದಿದ್ದು, ಜೊತೆಗಿರುವವನು ಅಂತ. ಸೆಕ್ವೊರ್‌ನಿಂದ ಇಂಗ್ಲಿಷ್‌ನ ಸೆಕೆಂಡ್, ಸೀಕ್ವೆನ್ಸ್. ವಚ್ ಧಾತುವಿಗೂ ಗ್ರೀಕ್ ಬಂಧು ಇದೆ: ಸಂಸ್ಕೃತದ ವಚಸ್‌ಗೆ ಗ್ರೀಕ್‌ನ ಎಪೊಸ್, ಮೊದಲಿನ ವಕಾರ ಗ್ರೀಕರು ಬಿಟ್ಟುಬಿಟ್ಟರು. ಎಪಿಕ್ ಅನ್ನೋ ಪದ ಅಲ್ಲಿಂದ. ಸ್ವರಕ್ಕೂ ನಿಯಮ ಇದೆ. ಹಳೇ ಎ, ಒ, ಅ ಮೂರನ್ನೂ ಸಂಸ್ಕೃತ ಬಹುಮಟ್ಟಿಗೆ ‘ಅ’ ಮಾಡಿಬಿಟ್ಟಿತು, ಲ್ಯಾಟಿನ್ ಬೇರೆ ಬೇರೆಯಾಗಿ ಇಟ್ಟುಕೊಂಡಿತು. ಅದಕ್ಕೇ ಒಕ್ತೋ-ಅಷ್ಟ, ನೊವೆಮ್-ನವ, ವೊಕ್-ವಚ್.

ಚುರುಕಾದವರು ಇಲ್ಲಿ ತಡೆದು ಕೇಳಬೇಕು: ನಿಯಮದ ಪ್ರಕಾರ ವೊಕಾರೆಯಲ್ಲಿ ‘ಕ್ವ’ ಇರಬೇಕಿತ್ತಲ್ಲ, ಬರೀ ಕ ಯಾಕೆ? ಕೇಳಲೇಬೇಕಾದ ಪ್ರಶ್ನೆ. ವೋಕ್ಸ್‌ನಲ್ಲಿ ಸಕಾರದ ಮುಂದೆ ಕ್ವ ನಿಲ್ಲಲಾರದೆ ಬರೀ ಕ ಆಯಿತು, ಆ ಕ ಆಮೇಲೆ ಕ್ರಿಯಾಪದಕ್ಕೂ ಹಬ್ಬಿತು ಅಂತ ವಿದ್ವಾಂಸರು ವಿವರಿಸುತ್ತಾರೆ. ನಿಯಮ ಮುರಿದಂತೆ ಕಂಡಾಗ ಹೀಗೊಂದು ಕಾರಣ ಸಿಗಬೇಕು, ಸಿಗದಿದ್ದರೆ ಆ ಹೋಲಿಕೆಯನ್ನು ಬಿಟ್ಟುಬಿಡಿ.

ಬಿಡಬೇಕಾದದ್ದಕ್ಕೆ ಉದಾಹರಣೆ ನಮ್ಮ ಕೈಯಲ್ಲೇ ಇದೆ. ಕನ್ನಡದ ‘ಕರೆ’, ಇಂಗ್ಲಿಷ್‌ನ ‘ಕಾಲ್’. ಅರ್ಥ ಒಂದೇ, ಸದ್ದೂ ಹತ್ತಿರ. ಆದರೆ ಕರೆ ದ್ರಾವಿಡ ಪದ, ಕಾಲ್ ಇಂಗ್ಲಿಷ್‌ಗೆ ಬಂದಿದ್ದು ಸ್ಕ್ಯಾಂಡಿನೇವಿಯಾದ ಹಳೇ ನಾರ್ಸ್ ಭಾಷೆಯಿಂದ. ಮರುಕಳಿಸುವ ನಿಯಮ ಯಾವುದೂ ಇಲ್ಲ, ಸಂಬಂಧವೂ ಇಲ್ಲ. ಲ್ಯಾಟಿನ್‌ನ ಹಬೇರೆ ಅಂದರೆ ಇರೋದು, ಹೊಂದಿರೋದು. ಇಂಗ್ಲಿಷ್‌ನ ಹ್ಯಾವ್ ನೋಡಿದರೆ ಅಣ್ಣತಮ್ಮಂದಿರು ಅನ್ನಬೇಕು, ಅಷ್ಟು ಹೋಲುತ್ತವೆ. ಅವೂ ಬೇರೆ ಬೇರೆ. ಹ್ಯಾವ್‌ಗೆ ನಿಜವಾದ ಲ್ಯಾಟಿನ್ ಬಂಧು ಕಪಿಯೋ, ಹಿಡಿಯೋದು ಅಂತ ಅರ್ಥ. ವಾಟ್ಸಾಪ್‌ನಲ್ಲಿ ಓಡಾಡುವ ‘ಎಲ್ಲಾ ಭಾಷೆಯೂ ಸಂಸ್ಕೃತದಿಂದ ಬಂದಿದ್ದು’ ಅನ್ನೋ ಪಟ್ಟಿಗಳನ್ನು ಈ ಒರೆಗಲ್ಲಿಗೆ ಹಚ್ಚಿ. ಲ್ಯಾಟಿನ್ ಸಂಸ್ಕೃತದ ಮಗಳಲ್ಲ. ಎರಡಕ್ಕೂ ತಾಯಿ ಬರಹವೇ ಇಲ್ಲದ ಇನ್ನೊಂದು ಹಳೇ ಭಾಷೆ. 1786ರಲ್ಲಿ ಕಲ್ಕತ್ತಾದಲ್ಲಿ ಜಡ್ಜ್ ಆಗಿದ್ದ ವಿಲಿಯಂ ಜೋನ್ಸ್ ಹೇಳಿದ್ದೂ ಅದನ್ನೇ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಎಲ್ಲವೂ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಈಗ ಬಹುಶಃ ಉಳಿದಿಲ್ಲ ಅಂತ.

ಅದಕ್ಕಿಂತ ಇನ್ನೂರು ವರ್ಷ ಮೊದಲೇ ಈ ವಾಸನೆ ಸಿಕ್ಕಿದ್ದು ನಮ್ಮ ಕರಾವಳಿಯಲ್ಲಿ ಅನ್ನೋದು ನನಗೆ ಖುಷಿಯ ವಿಷಯ. ಗೋವಾದಲ್ಲಿದ್ದ ಇಂಗ್ಲಿಷ್ ಜೆಸ್ವಿಟ್ ಥಾಮಸ್ ಸ್ಟೀಫನ್ಸ್ 1583ರಲ್ಲಿ ತಮ್ಮ ಸಹೋದರನಿಗೆ ಬರೆದ ಪತ್ರದಲ್ಲಿ ಇಲ್ಲಿನ ಭಾಷೆಗಳ ಕಟ್ಟು ಗ್ರೀಕ್, ಲ್ಯಾಟಿನ್ ತರಹ ಇದೆ ಅಂದಿದ್ದರು. ಮರಾಠಿಯಲ್ಲಿ ಕ್ರಿಸ್ತಪುರಾಣ ಬರೆದವರು ಅವರೇ. ಅದೇ ದಶಕದಲ್ಲಿ ಫಿಲಿಪ್ಪೊ ಸಾಸೆಟ್ಟಿ ಅನ್ನೋ ಇಟಲಿಯ ವ್ಯಾಪಾರಿ ಸಪ್ತ, ಅಷ್ಟ, ನವ, ಸರ್ಪ, ದೇವ ಇವೆಲ್ಲ ತನ್ನ ಭಾಷೆಯ ಪದಗಳನ್ನು ಹೋಲುತ್ತವೆ ಅಂತ ಬರೆದ. ಅವನು ತೀರಿಕೊಂಡಿದ್ದು ಗೋವಾದಲ್ಲಿ, 1588ರಲ್ಲಿ.

ಆ ಎರಡು ವೊಲೋ ಬಗ್ಗೆ ಒಂದು ಮಾತು ಉಳಿದಿದೆ. ಬಯಸುವ ವೊಲೋ, ವೆಲ್ಲೆಗೆ ಸಂಸ್ಕೃತದಲ್ಲಿ ‘ವೃ’ ಧಾತು ಬಂಧು, ಆರಿಸಿಕೊಳ್ಳೋದು ಅಂತ. ವರ, ಸ್ವಯಂವರ ಎಲ್ಲ ಅಲ್ಲಿಂದ. ಇಂಗ್ಲಿಷ್‌ನ ವಿಲ್ ಕೂಡ ಅದೇ ಮನೆ. ಹಾರುವ ವೊಲೋ ವಿಷಯದಲ್ಲಿ ಮಾತ್ರ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಗರುಡನ ಹೆಸರಿಗೆ ಅದನ್ನು ಗಂಟು ಹಾಕಿದವರೂ ಇದ್ದಾರೆ. ಕೇಳೋಕೆ ಚೆನ್ನಾಗಿದೆ, ಹದ್ದಿನ ಸಾಲಿಗೆ ಗರುಡ ಬಂದರೆ ಯಾರಿಗೆ ಬೇಡ? ಆದರೂ ನಿಮ್ಮ ನೋಟ್ಸಿನಲ್ಲಿ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ನೀವೇ ಕೂತು ಬಿಡಿಸೋಕೆ ಒಂದು ಕ್ರಿಯಾಪದ ಕೊಡುತ್ತೇನೆ: ಫೆರೋ, ಫೆರ್ರೆ, ತುಲೀ, ಲಾತುಮ್. ಹೊರೋದು, ಒಯ್ಯೋದು ಅಂತ ಅರ್ಥ. ನಾಲ್ಕು ರೂಪಗಳು ಒಂದೇ ಧಾತುವಿನವು ಅಲ್ಲ ಅನ್ನೋದು ಮೇಲ್ನೋಟಕ್ಕೇ ಗೊತ್ತಾಗುತ್ತದೆ. ಲ್ಯಾಟಿನ್‌ನಲ್ಲಿ ಪದದ ಮೊದಲ ‘ಫ’ ಇದ್ದಲ್ಲಿ ಸಂಸ್ಕೃತದಲ್ಲಿ ಎಷ್ಟೋ ಕಡೆ ‘ಭ’ ಬರುತ್ತದೆ, ಫ್ರಾತೆರ್-ಭ್ರಾತೃ ಇದ್ದ ಹಾಗೆ. ಆ ನಿಯಮ ಹಾಕಿದರೆ ಫೆರೋ ಎಲ್ಲಿಗೆ ಹೋಗುತ್ತದೆ ನೋಡಿ. ತುಲೀಗೆ ತಕ್ಕಡಿಯ ಕಡೆ ಹುಡುಕಿ. ಅದಾದ ಮೇಲೆ ಟ್ರಾನ್ಸ್‌ಫರ್, ಟ್ರಾನ್ಸ್‌ಲೇಟ್ ಎರಡೂ ಈ ಒಂದೇ ಕ್ರಿಯಾಪದದಿಂದ ಹೇಗೆ ಬಂದವು ಅಂತ ನಾಲ್ಕು ರೂಪ ಮುಂದಿಟ್ಟುಕೊಂಡು ಬಿಡಿಸಿ.